ಮಿಡಿ ಬಿಟ್ಟ ನೀರು

ಉಮಾಮಹೇಶ್ವರಿಯ ಅಂಗೈ ಬೆವರುತ್ತಿತ್ತು. ಎಲ್ಲರ ಅಂಗೈಯೂ ಬೆವರುತ್ತದೆ, ಅದನ್ನೇನು ದೊಡ್ಡದಾಗಿ ಹೇಳುವುದು ಎನ್ನಬೇಡಿ. ನಮ್ಮ ನಿಮ್ಮ ಅಂಗೈ ಬಿಸಿಲಿಗೆ ಬೆವರುತ್ತದೆ, ಮೇಷ್ಟರು ಎದುರಿಗೆ ಬಂದರೆ ಬೆವರುತ್ತದೆ, ಆಮೇಲೆ ತಾನಾಗಿ ಒಣಗುತ್ತದೆ. ಉಮಾಳದು ಹಾಗಲ್ಲ. ಮಾಗಿಯ ಚಳಿಯಲ್ಲಿ ಶಾಲು ಹೊದ್ದು ಕೂತಿದ್ದಾಗಲೂ ಅವಳ ಅಂಗೈಯಲ್ಲಿ ಸಣ್ಣ ಸಣ್ಣ ಹನಿ ಮೂಡುತ್ತಿತ್ತು. ಒರೆಸಿದರೆ ಮತ್ತೆ ಮೂಡುತ್ತಿತ್ತು. ಒರೆಸಿ ಒರೆಸಿ, ಮೊದಲು ಅವಳ ಲಂಗದ ಅಂಚು, ಸೀರೆ ಉಡುವ ವಯಸ್ಸು ಬಂದ ಮೇಲೆ ಸೆರಗಿನ ಮೂಲೆ, ಉಳಿದ ಬಟ್ಟೆ ಗಟ್ಟಿಯಾಗಿರುವಾಗಲೇ ಸವೆದು ಹೋಗುತ್ತಿತ್ತು.

ಅವಳು ಹುಟ್ಟಿ ಬೆಳೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ತಂದೆಯದು ಪಾತ್ರೆ ಅಂಗಡಿ. ಹುಣಸೆಹಣ್ಣು ಹಚ್ಚಿ ಬೆಳಗಿಟ್ಟ ಹಿತ್ತಾಳೆ ಕೊಡವನ್ನು ಮಗಳು ಮುಟ್ಟಿದಳೆಂದರೆ ಐದೂ ಬೆರಳಿನ ಗುರುತು ಅದರ ಮೇಲೆ ಕೂರುತ್ತಿತ್ತು, ಹೀಗಾಗಿ ಅಂಗಡಿಯ ಮೆಟ್ಟಿಲು ಹತ್ತಲು ಅವಳಿಗೆ ಅಪ್ಪಣೆ ಇರಲಿಲ್ಲ. ಶಾಲೆಯಲ್ಲಿ ಉಳಿದ ಮಕ್ಕಳು ಸ್ಲೇಟು ಒರೆಸಲು ಎಂಜಲು ಹಚ್ಚಿ ಬೈಸಿಕೊಳ್ಳುತ್ತಿದ್ದರು. ಉಮಾಳಿಗೆ ಆ ತಾಪತ್ರಯ ಇರಲಿಲ್ಲ, ಆದರೆ ಬರೆದ ಲೆಕ್ಕ ಮೇಷ್ಟರ ಹತ್ತಿರ ಹೋಗುವಷ್ಟರಲ್ಲಿ ಅರ್ಧ ಅಳಿಸಿ ಹೋಗಿರುತ್ತಿತ್ತು. ಕೈ ಕೈ ಹಿಡಿದು ಸುತ್ತುವ ಆಟದಲ್ಲಿ ಅಕ್ಕಪಕ್ಕದ ಹುಡುಗಿಯರು ಅವಳ ಕೈ ಬಿಟ್ಟು ಮಣಿಕಟ್ಟು ಹಿಡಿಯುತ್ತಿದ್ದರು. ಅವರೇನೂ ಕೆಟ್ಟವರಲ್ಲ. ಉಮಾಳಿಗೆ ಮಾತ್ರ ಅದು ಚುಚ್ಚುತ್ತಿತ್ತು.

ಔಷಧ ಮಾಡದೆ ಇರಲಿಲ್ಲ. ಜಾಲಿ ಚಕ್ಕೆಯ ಕಷಾಯದಲ್ಲಿ ಕೈ ಅದ್ದಿಸಿದರು, ಅರಿಶಿನ ಹಚ್ಚಿದರು. ಕೊನೆಗೆ ಡಾಕ್ಟರೊಬ್ಬರು ನೋಡಿ, ಮದುವೆಯಾದ ಮೇಲೆ ಸರಿಹೋಗುತ್ತೆ ಎಂದರು. ಆ ಕಾಲದಲ್ಲಿ ಹೆಣ್ಣುಮಕ್ಕಳ ತಲೆನೋವಿನಿಂದ ಹಿಡಿದು ಹಟದವರೆಗೆ ಎಲ್ಲಕ್ಕೂ ಅದೊಂದೇ ಮದ್ದು. ಬೆಳಿಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯಲ್ಲಿಟ್ಟ ಲಿಂಗದ ಸುತ್ತ ವಿಭೂತಿ ಕರಗಿ ಅಂಟುತ್ತಿತ್ತು, ಅವಳು ಅಳುಮುಖ ಮಾಡುತ್ತಿದ್ದಳು. ಅಜ್ಜಿ ಒಬ್ಬಳೇ ನಗುತ್ತಿದ್ದವಳು. "ಅಳ್ತೀಯ ಯಾಕೆ? ನಿನ್ನ ಶಿವನಿಗೆ ಯಾವ ಕಾಲಕ್ಕೂ ಅಭಿಷೇಕ ತಪ್ಪಲ್ಲ ಬಿಡು" ಎನ್ನುತ್ತಿದ್ದಳು.

ಐವತ್ತಾರನೇ ಇಸವಿಯಲ್ಲಿ ಮದುವೆಯಾಯಿತು. ಗಂಡ ವೀರಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮನೆ ಹಳೇನಗರದಲ್ಲಿ. ಮದುವೆಯ ದಿನ ಕೈ ಹಿಡಿದಾಗ ಹುಡುಗಿ ಹೆದರಿದ್ದಾಳೆ ಅಂದುಕೊಂಡ. ತಿಂಗಳಾದ ಮೇಲೆ, "ಇನ್ನೂ ಹೆದರಿಕೆ ಹೋಗ್ಲಿಲ್ವಾ?" ಎಂದು ಕೇಳಿದ. ಅವಳು ಇದ್ದದ್ದನ್ನು ಹೇಳಿದಳು. "ಅಷ್ಟೇನಾ" ಅಂದು ಶಿಫ್ಟಿಗೆ ಹೊರಟ. ಅದರ ಬಗ್ಗೆ ಆ ಮನುಷ್ಯ ಮುಂದೆ ಯಾವತ್ತೂ ಒಂದು ಮಾತು ಆಡಲಿಲ್ಲ, ಅಷ್ಟಕ್ಕೇ ಅವಳು ಅವನನ್ನು ಮೆಚ್ಚಿಕೊಂಡಳು. ಡಾಕ್ಟರು ಹೇಳಿದಂತೆ ಸರಿಯಂತೂ ಹೋಗಲಿಲ್ಲ.

ತೊಡಕು ಬಂದದ್ದು ಅತ್ತೆಯ ಉಪ್ಪಿನಕಾಯಿ ಜಾಡಿಯಿಂದ.

ಅತ್ತೆ ಕರಿಬಸಮ್ಮನ ಮಿಡಿ ಉಪ್ಪಿನಕಾಯಿ ಎಂದರೆ ಹಳೇನಗರದಲ್ಲಿ ಗೊತ್ತಿಲ್ಲದವರಿಲ್ಲ. ಬೇಸಿಗೆ ಕಾಲಿಡುತ್ತಲೇ ಸಾಗರದ ಕಡೆಯಿಂದ ಮಾವಿನ ಮಿಡಿ ಸಂತೆಗೆ ಬರುತ್ತಿತ್ತು. ಆಕೆ ಒಂದೊಂದರ ತೊಟ್ಟು ಮುರಿದು, ಸೊನೆ ಮೂಸಿ ನೋಡಿ ಆರಿಸುತ್ತಿದ್ದರು. ತೊಳೆದು, ನೀರಿನ ಪಸೆ ಹೋಗುವವರೆಗೆ ಬಟ್ಟೆಯಲ್ಲಿ ಒರೆಸಿ, ಕಲ್ಲುಪ್ಪು ಹಾಕಿ ಇಟ್ಟರೆ ಕೆಲವು ದಿನಕ್ಕೆ ಮಿಡಿ ತಾನೇ ನೀರು ಬಿಟ್ಟು ಮುದುಡಿಕೊಳ್ಳುತ್ತಿತ್ತು. ಆ ನೀರನ್ನೇ ಬಸಿದು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ ಮೆಣಸಿನಕಾಯಿ ಅರೆದು ಕಲಸುವುದು. ಹೊರಗಿನ ನೀರು ಒಂದು ತೊಟ್ಟೂ ಇಲ್ಲ.

"ಮಿಡಿ ಬಿಟ್ಟ ನೀರು ಮನೇದು. ಅದ್ರಿಂದ ಏನೂ ಆಗಲ್ಲ. ಹೊರಗಿನ ನೀರು ಒಂದು ಹನಿ ಸೋಕ್ತೋ, ಜಾಡಿ ಪೂರ್ತಿ ಹೋಯ್ತು ಅಂತ್ಲೇ ಲೆಕ್ಕ" ಎಂದು ಕರಿಬಸಮ್ಮ ಸೊಸೆಗೆ ಮೊದಲ ವರ್ಷವೇ ಪಾಠ ಹೇಳಿದರು. ಹಾಗೆ ಹೇಳುತ್ತಾ, "ಹಿಡಿ" ಎಂದು ಒಂದು ಬೊಗಸೆ ಉಪ್ಪು ಅವಳ ಕೈಗೆ ಹಾಕಿದರು. ಉಪ್ಪು ಅಂಗೈಗೆ ಅಂಟಿಕೊಂಡಿತು, ನೋಡುತ್ತಿದ್ದಂತೆ ಅಂಚಿನಲ್ಲಿ ಕರಗತೊಡಗಿತು.

"ಕೈ ಒದ್ದೆ ಇದೆಯಲ್ಲೇ. ಒರೆಸ್ಕೊ."

ಉಮಾ ಒರೆಸಿಕೊಂಡು ತೋರಿಸಿದಳು. ಅತ್ತೆ ನೋಡುತ್ತಾ ನಿಂತಂತೆಯೇ ಹನಿ ಮತ್ತೆ ಮೂಡಿತು. ಕರಿಬಸಮ್ಮ ಬೈಯಲಿಲ್ಲ. ತಮ್ಮ ಬಟ್ಟೆಯಲ್ಲೇ ಇನ್ನೊಮ್ಮೆ ಒರೆಸಿ ನೋಡಿ, ನಿಟ್ಟುಸಿರು ಬಿಟ್ಟರು. "ನಿನ್ನ ಮೇಲೆ ಕೋಪ ಅಲ್ಲ ಮಾರಾಯ್ತಿ. ಆದ್ರೆ ಜಾಡಿ ಕಡೆ ಬರಬೇಡ. ಸೌಟು ಹಿಡಿದ್ರೂ ಹಿಡಿ ಮೇಲಿಂದ ಇಳಿಯುತ್ತೆ ಇದು" ಎಂದರು.

ಉಪ್ಪಿನಕಾಯಿ ಬಡಿಸದಿದ್ದರೆ ಆಕಾಶವೇನು ಕಳಚಿ ಬೀಳುತ್ತದೆ ಎಂದು ಗಂಡಸರು ಕೇಳಬಹುದು. ಒಂದು ಮನೆಯ ಸೊಸೆಯಾಗಿದ್ದುಕೊಂಡು ಕೇಳಿ ನೋಡಲಿ. ಕರಿಬಸಮ್ಮ ಊರಿಗೆ ಹೋಗಿದ್ದ ದಿನ ವೀರಪ್ಪ ತನ್ನ ಮೇಲಿನ ಅಧಿಕಾರಿಗಳನ್ನು ಊಟಕ್ಕೆ ಕರೆದುಕೊಂಡು ಬಂದ. ಬಾಯಿ ಚಪ್ಪರಿಸುತ್ತಾ ಅವರು ಕೇಳಿದ್ದೇ ಹೆಸರುವಾಸಿ ಮಿಡಿಯನ್ನು. ಉಮಾ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಪುಷ್ಪಮ್ಮನನ್ನು ಕರೆಯಬೇಕಾಯಿತು. ಪುಷ್ಪಮ್ಮ ಜಾಡಿಯ ಬಾಯಿ ಬಿಚ್ಚಿ, ಮಿಡಿ ತೆಗೆದು, ನಡುಮನೆಗೂ ಕೇಳುವಂತೆ, "ನಿಮ್ಮನೆ ಜಾಡಿಗೆ ನನ್ನ ಕೈಯೇ ಆಗ್ಬೇಕು ನೋಡು" ಎಂದು ನಕ್ಕಳು. ಅಂದು ಉಮಾ ಒಳಗೆ ನಿಂತು ಅತ್ತಳು. ಅವಳಿಗೆ ಚಿನ್ನ ಬೇಡ, ಸೀರೆ ಬೇಡ. ಈ ಮನೆಯ ಜಾಡಿಯಿಂದ ಒಂದು ಮಿಡಿಯನ್ನು ತನ್ನ ಕೈಯಾರೆ ತೆಗೆದು ಬಡಿಸಬೇಕು, ಇಷ್ಟೇ ಬೇಕಾಗಿತ್ತು. ಆ ದಿನ ಬಾರದೆ ತಾನು ಈ ಮನೆಯವಳಾಗುವುದಿಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹೀಗೇ ವರ್ಷಗಳು ಕಳೆದವು. ಅರವತ್ತನೇ ಇಸವಿಯ ಬೇಸಿಗೆಯಲ್ಲಿ ಆ ಮನೆಯ ಜಗಲಿಯ ಮೇಲೆ ಒಂದು ಜಗಳ ಹುಟ್ಟಿತು.

ಮಾವ ಶಿವಯೋಗಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಶುಚಿ ಎಂದರೆ ಪ್ರಾಣ. ಬೇರೆಯವರು ತೊಳೆದಿಟ್ಟ ಲೋಟವನ್ನು ತಾವು ಇನ್ನೊಮ್ಮೆ ತೊಳೆಯದೆ ನೀರು ಕುಡಿದವರಲ್ಲ. ಅವರ ಗೆಳೆಯ ಶೇಷಪ್ಪ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಭಾನುವಾರ ಸಂಜೆ ಬಂದು ಜಗಲಿ ಏರಿದರೆ ಕಾಫಿಯ ಮೇಲೆ ಕಾಫಿ, ಮಾತಿನ ಮೇಲೆ ಮಾತು. ಆ ಭಾನುವಾರ ಬಿಸಿಲ ಕಾವು ಆರಲೆಂದು ಕರಿಬಸಮ್ಮ ಜಗಲಿಗೆ ನೀರು ಹಾಕಿದ್ದರು. ಶೇಷಪ್ಪ ಕೂರಲು ಹೋದರು.

"ತಡಿ ಮಾರಾಯ, ಜಗಲಿ ಒದ್ದೆ ಇದೆ" ಎಂದರು ಶಿವಯೋಗಪ್ಪ.

"ಜಗಲಿಗೇನಾಗಿದೆ, ಅದು ಕಲ್ಲು. ಒದ್ದೆ ಇರೋದು ನೀರು" ಎಂದರು ಶೇಷಪ್ಪ, ಸುಮ್ಮನೆ, ಬಾಯಿಗೆ ಬಂದಂತೆ.

"ನೀರು ಹ್ಯಾಗೆ ಒದ್ದೆ ಆಗುತ್ತೆ? ನೀರು ಬೇರೇದನ್ನ ಒದ್ದೆ ಮಾಡುತ್ತೆ. ಬೆಂಕಿ ಸುಡುತ್ತೆ ಅಂತೀವಿ, ಬೆಂಕಿ ಸುಟ್ಟುಹೋಗಿದೆ ಅಂತೀವಾ?"

"ಸಕ್ಕರೆ ಸಿಹಿ ಮಾಡುತ್ತೆ, ಸಕ್ಕರೆ ಸಿಹಿ ಅಲ್ವಾ? ತನ್ನಲ್ಲಿ ಇಲ್ದೇ ಇರೋದನ್ನ ಇನ್ನೊಂದಕ್ಕೆ ಎಲ್ಲಿಂದ ಕೊಡುತ್ತೆ?"

"ತಲೆ ಬೋಳಿಸೋನು ತಾನೂ ಬೋಳಾಗಿರ್ಬೇಕಾ ಹಾಗಾದ್ರೆ?"

ಅಷ್ಟೇ ಸಾಕಾಯಿತು. ಇಬ್ಬರು ದೊಡ್ಡ ಮನುಷ್ಯರು, ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರು, ಕತ್ತಲಾಗುವವರೆಗೆ ಕಿತ್ತಾಡಿದರು. ಮುಂದಿನ ಭಾನುವಾರವೂ ಅದೇ. ದಾರಿಹೋಕರು ನಿಂತು ಪಕ್ಷ ಹಿಡಿದರು. ಕಾರ್ಖಾನೆಯ ತಮಿಳರೊಬ್ಬರು ಶೇಷಪ್ಪನ ಕಡೆ ಸೇರಿದರೆಂದು ಶಿವಯೋಗಪ್ಪ ಅವರ ಜೊತೆ ಎರಡು ದಿನ ಮಾತು ಬಿಟ್ಟರು. "ಇವರಿಗೆ ಮಾಡೋಕೆ ಕೆಲ್ಸ ಇಲ್ಲ" ಎಂದು ಕರಿಬಸಮ್ಮ ಗೊಣಗುತ್ತಾ ಒಳಗೆ ಹೋಗುತ್ತಿದ್ದರು.

ಬಾಗಿಲ ಹಿಂದೆ ನಿಂತು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದವಳು ಉಮಾ. ಉಳಿದವರಿಗೆ ಅದು ಹೊತ್ತು ಕಳೆಯುವ ಮಾತು. ಅವಳಿಗೆ ತನ್ನ ಕೈಯ ಮಾತು. ಬಟ್ಟೆ ಒದ್ದೆಯಾಗುತ್ತದೆ, ಒಣಗುತ್ತದೆ. ತನ್ನ ಕೈ ಎಂದೂ ಒಣಗುವುದಿಲ್ಲವಲ್ಲ, ಅದನ್ನು ಒದ್ದೆ ಎನ್ನುವುದು ನ್ಯಾಯವೇ? ಹಗಲೆಲ್ಲ ಇದನ್ನೇ ಯೋಚಿಸಿದಳು. ಒಂದು ದಿನ ಮಾವನಿಗೆ ಕಾಫಿ ಕೊಡುವಾಗ ಧೈರ್ಯ ಮಾಡಿ ಹೇಳಿದಳು.

"ಮಾವ, ಒಣಗಿದ ಮೇಲೆ ಉಳಿಯೋದಕ್ಕೆ ಮಾತ್ರ ಒದ್ದೆ ಆಗಿತ್ತು ಅನ್ಬಹುದು ಅಲ್ವಾ? ಬಟ್ಟೆ ಒಣಗಿದ್ರೆ ಬಟ್ಟೆ ಉಳಿಯುತ್ತೆ. ನೀರು ಒಣಗಿದ್ರೆ ಏನು ಉಳಿಯುತ್ತೆ?"

ಶಿವಯೋಗಪ್ಪ ಕಾಫಿ ಕೆಳಗಿಟ್ಟರು. "ಭೇಷ್" ಎಂದರು. ಭಾನುವಾರ ಅದನ್ನೇ ತಮ್ಮ ಸ್ವಂತ ಮಾತೆಂಬಂತೆ ಶೇಷಪ್ಪನ ಮುಂದೆ ಬಿಚ್ಚಿದರು. ಶೇಷಪ್ಪನ ಕಣ್ಣು ಮಿಂಚಿತು. "ಉಪ್ಪುನೀರು ಒಣಗಿದ್ರೆ? ಉಪ್ಪು ಉಳಿಯುತ್ತಲ್ಲಪ್ಪ!"

"ಅದು ನೀನು ಹಾಕಿದ ಉಪ್ಪು. ನೀರಿಂದಲ್ಲ."

"ಯಾರೂ ನೀರು ಹೊಯ್ಯದ ಉಪ್ಪುನೀರು ನಿಮ್ಮನೇಲೇ ಇದೆ. ಮಿಡಿ ಬಿಟ್ಟ ನೀರು. ತಗೊಂಬಾ, ತಟ್ಟೇಲಿ ಒಣಗಿಸಿ ನೋಡೇಬಿಡಾಣ."

ಕರಿಬಸಮ್ಮ ಆ ಹೊತ್ತಿಗೆ ಬೀದಿಯ ಕೊನೆಯ ಮನೆಯ ಸೀಮಂತಕ್ಕೆ ಹೋಗಿದ್ದರು. ಮಿಡಿಯ ನೀರನ್ನು ಬೆಳಿಗ್ಗೆಯೇ ಕುದಿಸಿ, ಬಟ್ಟೆ ಮುಚ್ಚಿ ಆರಲು ಇಟ್ಟಿದ್ದರು. ಮರುದಿನ ಖಾರ ಕಲಸಿ ಜಾಡಿ ತುಂಬುವುದಿತ್ತು. ಶಿವಯೋಗಪ್ಪ ಒಳಗೆ ಬಂದರು. ಹೆಂಡತಿಯ ಪಾತ್ರೆಗೆ ಕೊಳೆ ಸೋಕಬಾರದಲ್ಲ, ಅದಕ್ಕೆ ಹಂಡೆಯ ಹತ್ತಿರ ಹೋಗಿ ಕೈ ತೊಳೆದರು, ಲೋಟವನ್ನು ಉಜ್ಜಿ ಉಜ್ಜಿ ತೊಳೆದರು, ತೊಳೆದ ಲೋಟವನ್ನು ತೊಟ್ಟಿಕ್ಕುತ್ತಿರುವಂತೆಯೇ ಪಾತ್ರೆಗೆ ಅದ್ದಿದರು.

ಉಮಾ ಒಲೆಯ ಮುಂದಿದ್ದಳು, ಎಲ್ಲ ನೋಡಿದಳು. "ಮಾವ" ಎಂದಳು.

"ಏನಮ್ಮ?"

ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. "ಏನಿಲ್ಲ" ಎಂದಳು.

ನೀರು ಆರಿದ ಮೇಲೆ ತಟ್ಟೆಯಲ್ಲಿ ಬಿಳಿ ಉಪ್ಪು ಉಳಿಯಿತು. ಉಪ್ಪು ಉಳಿದದ್ದರಿಂದ ತಾನು ಗೆದ್ದೆ ಎಂದರು ಶೇಷಪ್ಪ, ನೀರು ಉಳಿಯದ್ದರಿಂದ ತಾನು ಗೆದ್ದೆ ಎಂದರು ಶಿವಯೋಗಪ್ಪ.

ಒಂದೂವರೆ ತಿಂಗಳ ಮೇಲೆ ಕರಿಬಸಮ್ಮ ಜಾಡಿಯ ಬಾಯಿ ಬಿಚ್ಚಿದರು. ಮೇಲೆಲ್ಲ ಬೆಳ್ಳಗೆ ಬೂಷ್ಟು. ಕೈಯಾಡಿಸಿ ನೋಡಿದರೆ ಮಿಡಿ ಮೆತ್ತಗಾಗಿ ಬೆರಳಿಗೆ ಕಿವುಚಿಕೊಂಡಿತು. ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಮನೆಗೆ ಬಂದಂದಿನಿಂದ ಆಕೆಯ ಜಾಡಿ ಕೆಟ್ಟಿದ್ದಿಲ್ಲ. ತಲೆಯೆತ್ತಿ ಸೊಸೆಯನ್ನು ನೋಡಿದರು.

"ಮುಟ್ಟಿದ್ಯಾ?"

"ಇಲ್ಲ ಅತ್ತೆ."

"ಮತ್ತೆ ನೀರು ಎಲ್ಲಿಂದ ಬಂತು?"

ಉಮಾ ಬಾಯಿ ಬಿಡಲಿಲ್ಲ. ನಡುಮನೆಯಲ್ಲಿ ಶಿವಯೋಗಪ್ಪ ಪೇಪರು ಹಿಡಿದು ಕೂತಿದ್ದರು. ಪುಟ ತಿರುಗಿಸುವ ಸದ್ದು ನಿಂತಿತ್ತು. ಅವರಿಗೂ ಎಲ್ಲ ಅರ್ಥವಾಗಿತ್ತು, ಆದರೆ ಎದ್ದು ಬರಲಿಲ್ಲ. ಕಾರ್ಖಾನೆಯ ಸಾಹೇಬರಿಗೆ ಹೆದರದ ಮನುಷ್ಯ ಹೆಂಡತಿಯ ಆ ಮುಖಕ್ಕೆ ಹೆದರಿದರು. ಇದನ್ನು ಅವರ ಪರವಾಗಿ ಹೇಗೆ ತಿರುಗಿಸಿ ಹೇಳಿದರೂ ಹೇಡಿತನವೇ.

ಸೊಸೆ ಮಾತಾಡದ್ದನ್ನು ಕರಿಬಸಮ್ಮ ಒಪ್ಪಿಗೆ ಎಂದುಕೊಂಡರು. "ಬರೋ ವರ್ಷದಿಂದ ಮಿಡಿ ಹೊತ್ತಿಗೆ ತೌರಿಗೆ ಹೋಗಿಬಿಡು. ಜಾಡಿ ಕಟ್ಟಿದ ಮೇಲೆ ಕರೆಸ್ಕೋತೀನಿ" ಎಂದರು. ಕೂಗಾಡದೆ, ಮೆಲ್ಲಗೆ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು. ಗೋಡೆಯಾಚೆ ಪುಷ್ಪಮ್ಮನಿಗೆ ಕಿವಿ ಇತ್ತು, ಸಂಜೆಯೊಳಗೆ ಒದ್ದೆ ಕೈಯ ಸೊಸೆ ಜಾಡಿ ಕೆಡಿಸಿದ ಸುದ್ದಿ ನಲ್ಲಿಯ ಹತ್ತಿರ ತಲುಪಿತು. ಉಮಾ ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು.

ಭಾನುವಾರ ಬಂತು. ಶೇಷಪ್ಪ ಜಗಲಿಗೆ ಬಂದು, ಅವಲಕ್ಕಿಯ ತಟ್ಟೆಯಲ್ಲಿ ಏನೋ ಕೊರತೆ ಕಂಡು ಕೂಗಿದರು. "ಅತ್ತಿಗೆ, ಹೊಸ ಮಿಡಿ ಎಲ್ಲಿ?"

"ಕೆಟ್ಟುಹೋಯ್ತು" ಎಂದಷ್ಟೇ ಹೇಳಿ ಕರಿಬಸಮ್ಮ ಬಾಗಿಲ ಹತ್ತಿರ ನಿಂತರು.

ಶೇಷಪ್ಪ ಲೊಚಗುಟ್ಟಿ ಹಳೆಯ ಮಾತಿಗೆ ತಿರುಗಿದರು. "ಹೂಂ, ಎಲ್ಲಿದ್ವಿ? ನೀರು ಒದ್ದೆ ಅಂತ ನಾನು, ಅಲ್ಲ ಅಂತ ನೀನು."

"ನೀರು ಒದ್ದೆನೇ ಮಾರಾಯ" ಎಂದರು ಶಿವಯೋಗಪ್ಪ. "ನಾನು ಸೋತೆ."

ಶೇಷಪ್ಪನಿಗೆ ಗಾಬರಿಯಾಯಿತು. ಅಷ್ಟು ದಿನ ಬಯಸಿದ ಗೆಲುವು ಹೀಗೆ ಏಕಾಏಕಿ ಕೈಗೆ ಬಂದರೆ ಯಾರಿಗಾದರೂ ಆಗುತ್ತದೆ. "ಯಾಕಪ್ಪ, ಮೈ ಹುಷಾರಿಲ್ವಾ?"

ಶಿವಯೋಗಪ್ಪ ಬಾಗಿಲ ಕಡೆ ನೋಡದೆ, ಆದರೆ ಬಾಗಿಲಿಗೆ ಕೇಳುವಂತೆ ಹೇಳಿದರು. "ಲೋಟದಲ್ಲಿದ್ದ ನಾಲ್ಕು ಹನಿ ಒಂದು ವರ್ಷದ ಜಾಡಿ ಕೆಡಿಸ್ತು. ಅವತ್ತು ತೊಳೆದ ಲೋಟ ಒರೆಸ್ದೇ ಅದ್ದಿದ್ದು ನಾನು. ಸೊಸೆ ಮುಟ್ಟಿಲ್ಲ. ಅವಳು ನೋಡಿದ್ದಾಳೆ, ಆದ್ರೂ ನನ್ನ ಹೆಸರು ಹೇಳ್ಲಿಲ್ಲ. ನಾನು ಇಷ್ಟು ದಿನ ಕೇಳಿಸ್ಕೊಂಡು ಕೂತಿದ್ದೆ. ನಾಚಿಕೆಯಾಗುತ್ತೆ ಕಣೋ."

ಶೇಷಪ್ಪ ಅರ್ಧ ತಿಂದ ಅವಲಕ್ಕಿಯನ್ನು ಬಿಟ್ಟು ಮೆಲ್ಲಗೆ ಎದ್ದು ಹೋದರು. ಕರಿಬಸಮ್ಮ ಗಂಡನ ಮುಂದೆ ಬಂದು, "ತೊಳೆದ ಲೋಟ!" ಎಂದು ಎರಡೇ ಮಾತು ಅಂದರು. ಅದನ್ನು ಹೇಳಿದ ರೀತಿಗೆ ಶಿವಯೋಗಪ್ಪ ಆಮೇಲೆ ಬಹಳ ಕಾಲ ಒಲೆಯ ಮನೆಗೆ ಕಾಲಿಡಲಿಲ್ಲ. ಆಮೇಲೆ ಆಕೆ ಒಳಗೆ ಹೋದರು.

ಉಮಾ ರೊಟ್ಟಿ ತಟ್ಟುತ್ತಿದ್ದಳು.

"ನೋಡಿದ್ಯಂತೆ. ಅವತ್ತೇ ಯಾಕೆ ಹೇಳ್ಲಿಲ್ಲ?"

"ಈ ಕೈ ಇಟ್ಕೊಂಡು ಮಾವನಿಗೆ ನಿಮ್ಮ ಕೈ ಒದ್ದೆ ಅಂತ ಹ್ಯಾಗೆ ಹೇಳ್ಲಿ ಅತ್ತೆ?"

ಕರಿಬಸಮ್ಮ ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಹಿಟ್ಟನ್ನು ತಮ್ಮ ಸೆರಗಿನಿಂದ ಒರೆಸಿದರು. ಹನಿ ಮೂಡಿತು. ಅದನ್ನೇ ನೋಡುತ್ತಾ ನಿಂತವರು ತಮ್ಮ ಕಿರುಬೆರಳನ್ನು ಆ ಹನಿಗೆ ಒತ್ತಿ ನಾಲಿಗೆಗೆ ಇಟ್ಟುಕೊಂಡರು. ಎಂಜಲು ಮುಸುರೆ ಎಂದು ದಿನವಿಡೀ ಕೈ ತೊಳೆಯುವ ಮನೆಯ ಹೆಂಗಸು ಹಾಗೆ ಮಾಡಿದ್ದು ಕಂಡು ಉಮಾ ಒಲೆಯ ಮೇಲಿನ ರೊಟ್ಟಿಯನ್ನೇ ಮರೆತಳು.

"ಉಪ್ಪು" ಎಂದರು ಕರಿಬಸಮ್ಮ. ಹಾಗೆಂದು ಹೊರಗೆ ಹೋದರು.

ತೌರಿಗೆ ಹೋಗಬೇಕೋ ಬೇಡವೋ ಎಂಬ ಮಾತು ಹಾಗೇ ಉಳಿಯಿತು. ಉಮಾ ಕೇಳಲು ಹೋಗಲಿಲ್ಲ, ಅತ್ತೆ ಹೇಳಲಿಲ್ಲ. ಜಗಲಿಯಲ್ಲಿ ಶೇಷಪ್ಪನಿಗೆ ಎದುರಾಳಿ ಇಲ್ಲದೆ ಬೇಜಾರಾಗಿ, ಅವರೇ ಪಕ್ಷ ಬದಲಾಯಿಸಿ, ನೀರು ಒದ್ದೆ ಅಲ್ಲವೆಂದು ವಾದಿಸಲು ಶುರು ಮಾಡಿದರು. ಮುಂದಿನ ಬೇಸಿಗೆ ಬಂತು. ಸಂತೆಗೆ ಮಿಡಿ ಬಂದ ಸುದ್ದಿ ಬಂದ ದಿನವೇ, ಜಾಡಿ ಕೆಟ್ಟಾಗಲೇ ಹೇಳಿಕಳಿಸಿದ್ದಂತೆ, ದುರ್ಗಿಗುಡಿಯಿಂದ ಉಮಾಳ ಅಣ್ಣ ಅವಳನ್ನು ಕರೆದೊಯ್ಯಲು ಬಂದ. ಉಮಾ ಟ್ರಂಕು ತುಂಬಿದಳು.

ಕರಿಬಸಮ್ಮ ಸಂತೆಯಿಂದ ಬಂದವರು ಟ್ರಂಕನ್ನು ನೋಡಿದರು, ಅಣ್ಣನನ್ನು ನೋಡಿದರು. "ಊಟ ಮಾಡ್ಕೊಂಡು ಹೋಗಪ್ಪ. ಇವಳನ್ನ ಈಗ ಕಳ್ಸೋಕಾಗಲ್ಲ. ಮಿಡಿ ಬಂದಿದೆ. ಮನೇಲಿ ಕೈ ಬೇಕು" ಎಂದರು.

ಹಿತ್ತಲಿನಲ್ಲಿ ಚಾಪೆ ಹಾಸಿ ಮಿಡಿ ಸುರಿದರು. ತೊಳೆದು ಒರೆಸಿ ಆದ ಮೇಲೆ ಕಲ್ಲುಪ್ಪಿನ ಮರಿಗೆಯನ್ನು ಸೊಸೆಯ ಮುಂದೆ ತಳ್ಳಿ, "ಕಲಸು" ಎಂದರು. ಉಮಾ ಹಿಂಜರಿದಳು. "ಕಲಸೇ" ಎಂದರು ಮತ್ತೆ. ಅವಳು ಎರಡೂ ಕೈ ಉಪ್ಪಿಗೆ ಹಾಕಿದಳು. ಬೆವರಿನ ಉಪ್ಪು ಮಿಡಿಯನ್ನು ಕಾಯುವಷ್ಟು ಇರುತ್ತದೆಯೇ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಕರಿಬಸಮ್ಮನಿಗೂ ಗೊತ್ತಿರಲಿಲ್ಲ. ಜಾಡಿ ಮತ್ತೆ ಕೆಟ್ಟರೆ ಕೆಡಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಆಕೆ ಕೂತಿದ್ದರು.

ಗೋಡೆಯ ಮೇಲೆ ಪುಷ್ಪಮ್ಮನ ತಲೆ ಕಾಣಿಸಿತು. "ಅಯ್ಯೋ ಕರಿಬಸಮ್ನೋರೆ, ನೋಡ್ರೀ ಇಲ್ಲಿ! ನಿಮ್ಮ ಸೊಸೆ ಒದ್ದೆ ಕೈ ಹಾಕ್ತಿದಾಳಲ್ರೀ! ನೀರು ಇಳೀತಿದೆ!"

ಕರಿಬಸಮ್ಮ ಮಿಡಿಯನ್ನು ಉಪ್ಪಿಗೆ ಹಾಕುವುದನ್ನು ನಿಲ್ಲಿಸಲಿಲ್ಲ. "ಇಳೀಲಿ ಬಿಡು ಪುಷ್ಪಮ್ಮ. ಅದು ಹೊರಗಿನ ನೀರಲ್ಲ, ಮನೇದು" ಎಂದರು.

ಉಮಾ ತಲೆ ತಗ್ಗಿಸಿ ಕಲಸುತ್ತಲೇ ಇದ್ದಳು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಂದು ಬೆಳಗಿನಿಂದ ಸಂಜೆಯವರೆಗೆ ಅವಳು ಒಂದು ಸಲವೂ ಸೆರಗಿಗೆ ಕೈ ಒರೆಸಿಕೊಳ್ಳಲಿಲ್ಲ.